ಕಿವಿಬಿಲ್ಲೆಯ ನಂಬರು

ಉಣ್ಣೆ ಹುಳುಗಳಿಂದ ಹರಡುವ ರೋಗಗಳ ಮೇಲೆ ನಮ್ಮ ಲ್ಯಾಬಿನಲ್ಲಿ ಸಂಶೋಧನೆ ನಡೆಯುತ್ತದೆ. ಹಸುಗಳ ಮೈಯಿಂದ ಉಣ್ಣೆ ಕಿತ್ತು ತರಲು ಚಿಕ್ಕರಸಿನಕೆರೆ ಹತ್ತಿರದ ಒಂದು ಕೊಟ್ಟಿಗೆಗೆ ಹೋಗಿದ್ದೆ. ಹಸುವಿನ ಒಡತಿ ಜಯಮ್ಮ ಅಡ್ಡ ನಿಂತರು.

“ರೋಗ ಅದೆ ಅಂತ ಡೈರಿಗೆ ಯೋಳ್ಬುಟ್ರೆ ನಮ್ಮಾಲು ಯಾರ್ ಸಾಮಿ ತಕತಾರೆ?”

“ಯಾರ ಹೆಸರೂ ಬರೆಯುವುದಿಲ್ಲಮ್ಮ, ಬರೀ ನಂಬರು. ಅದು ನಮ್ಮ ನಿಯಮ,” ಎಂದೆ, ಸ್ವಲ್ಪ ಗಡುಸಾಗಿಯೇ.

ಆಕೆ ನಂಬಲಿಲ್ಲ. ನಾನು ಚೀಟಿ ಅಂಟಿಸಿದ್ದ ಸೀಸೆಯನ್ನು ಕೈಯಿಂದ ಕಿತ್ತುಕೊಂಡು ಹಸುವಿನ ಕಿವಿಯ ಹಳದಿ ಬಿಲ್ಲೆಯ ಪಕ್ಕ ಹಿಡಿದರು. ಒಂದೊಂದೇ ಅಂಕಿ ಓದಿದರು. ಎರಡೂ ಒಂದೇ.

“ಇದೇನ್ ಸಾಮಿ? ಡೈರಿನೋರ್ ಬುಕ್ಕಲ್ಲೂ ಇದೇ ನಂಬ್ರು ಕಣ್ರೀ. ಇನ್ನ ಎಸ್ರು ಬ್ಯಾರೆ ಯಾಕೆ?”

ಸೀಸೆ ವಾಪಸು ಇಸಿದುಕೊಂಡು ಚೀಟಿ ಕಿತ್ತೆ. ಕಿವಿಬಿಲ್ಲೆಯ ನಂಬರೇ ಹಾಕೋಣ, ಗೊಂದಲವಾಗುವುದಿಲ್ಲ ಎಂದು ಲ್ಯಾಬಿನಲ್ಲಿ ಹಟ ಹಿಡಿದಿದ್ದವನು ನಾನೇ. ಅಂದು ಬೆಳಗ್ಗೆಯಿಂದ ಬೇರೆ ಮನೆಗಳಲ್ಲಿ ತುಂಬಿಸಿದ್ದ ಸೀಸೆಗಳ ಚೀಟಿಗಳನ್ನೂ ಅಲ್ಲೇ ಕೂತು ಕಿತ್ತೆ, ಒಂದು, ಎರಡು ಎಂದು ನಮ್ಮದೇ ಹೊಸ ನಂಬರು ಬರೆದೆ. ಜಯಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

“ಈಗ ಸರಿಯಾಯ್ತು. ನಮ್ ಅಸೂಂದು ಕಿತ್ಕಳಿ, ಆಮೇಲೆ ಓಗಿ ಪಕ್ಕದ್ಮನೇದೂ ಕಿತ್ಕಳಿ.”

ನಮ್ಮ ನಿಯಮಗಳನ್ನು ಪರಿಶೀಲಿಸಿ ಒಪ್ಪಲು ಒಂದು ಸಮಿತಿಯೇ ಇದೆ. ಎಲ್ಲರೂ ಬಹಳ ಓದಿದವರು. ಹಸು ಸಾಕಿದವರು ಒಬ್ಬರೂ ಇಲ್ಲ.