ಮೊದಲು ನನ್ನ ಊರು ಹೇಳು

ಆಗ ನನಗೆ ಅರುವತ್ತಮೂರು. ಐದು ವರ್ಷದ ಹಿಂದಿನ ಮಾತು. ಇಸ್ರೇಲಿನಿಂದ ಅಬುಧಾಬಿಗೆ ವಿಮಾನ ಹೊಸದಾಗಿ ಶುರುವಾಗಿತ್ತು. ಅಬುಧಾಬಿಯಲ್ಲಿ ನಾನು ಅಡುಗೆಗಿದ್ದ ಮನೆಯ ಯಜಮಾನ ಊದ್ ಎಂಬ ತಂತಿವಾದ್ಯ ನುಡಿಸುವವನು. ಅವನ ತಾಯಿ, ಪ್ಯಾಲೆಸ್ತೀನಿನ ಯಾಫಾದಿಂದ ಸಣ್ಣವಳಿದ್ದಾಗಲೇ ಓಡಿಬಂದವಳು. ದುಬೈನ ಹೋಟೆಲಿನಲ್ಲಿ ಇಸ್ರೇಲಿನ ಯಹೂದಿ ಗಾಯಕನ ಜೊತೆ ಮಗ ನುಡಿಸುತ್ತಾನೆಂದು ತಿಳಿದದ್ದೇ, ಮುದುಕಿ ಊಟ ಬಿಟ್ಟಳು. ಸಕ್ಕರೆ ಕಾಯಿಲೆಯವಳು ಬೇರೆ.

"ಹೋಗುವುದಿಲ್ಲ ಅಂತ ಅವನು ಹೇಳಲಿ, ತಿನ್ನುತ್ತೇನೆ" ಎಂದಳು.

ನಾನು ತಟ್ಟೆ ಹಿಡಿದು ಅಡುಗೆಮನೆಗೂ ಅವಳ ಕೋಣೆಗೂ ಅಲೆದೆ. ಮಜ್ಜಿಗೆ ಬಿಟ್ಟು ಏನೂ ಒಳಗೆ ಹೋಗಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಗಾಯಕ ಅಭ್ಯಾಸಕ್ಕೆಂದು ನಮ್ಮ ಮನೆಗೇ ಬಂದ. ಅವನದು ಇನ್ನೊಂದು ರಗಳೆ. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದು ಅವರ ಧರ್ಮಕ್ಕೆ ಆಗುವುದಿಲ್ಲವಂತೆ. ಗಾಜಿನ ಲೋಟದಲ್ಲಿ ನೀರು ಕುಡಿದ. ಒಂದೇ ಮನೆಯಲ್ಲಿ ಎರಡು ತಟ್ಟೆ ಮುಟ್ಟದೆ ವಾಪಸು. ಮೀನು ಕಾಯಿಸಿದವಳನ್ನು ಯಾರು ಕೇಳುತ್ತಾರೆ?

ಅವನು ಹಾಡತೊಡಗಿದ. ಹಳೆಯ ಅರಬಿ ಮದುವೆ ಹಾಡು, ಬಗ್ದಾದಿನಲ್ಲಿ ಹುಟ್ಟಿದ ಅಜ್ಜಿ ಕಲಿಸಿದ್ದಂತೆ. ನಾನು ಪಕ್ಕದ ಕೋಣೆಯಲ್ಲಿ ಮುದುಕಿಯ ಕಾಲು ಒತ್ತುತ್ತಿದ್ದೆ. ಅವಳು ಕಾಲೆಳೆದುಕೊಂಡಳು.

"ಅದು ನನ್ನ ಅಮ್ಮನ ಹಾಡು. ಆ ಊರಿನದು ಅಂತ ನನ್ನ ಹತ್ತಿರ ಇರುವುದು ಅದೊಂದೇ."

"ಹಾಡು ತಾನೇ ಅಮ್ಮಾ?" ಎಂದೆ. "ನಮ್ಮ ಮದುವೆ ಹಾಡು ಪಕ್ಕದ ಮನೆಯವರೂ ಹಾಡ್ತಾರೆ."

"ಪಕ್ಕದವರು ನಿನ್ನ ಮನೆ ತೆಗೆದುಕೊಂಡಿದ್ದಾರಾ?"

ನಾನು ಅವಳ ಕಾಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡೆ.

ಎರಡನೇ ಸಾಲಿಗೆ ಮುದುಕಿ ಊರುಗೋಲಿನಿಂದ ಗೋಡೆ ಬಡಿದಳು. "ಅಲ್ಲಿ ಸ್ವರ ಎಳೆಯಬಾರದು. ಕತ್ತೆ ಅರಚಿದ ಹಾಗೆ."

ಊದ್ ನಿಂತಿತು. ಮತ್ತೆ ಶುರುವಾಯಿತು, ಎಳೆಯದೆ. ಮತ್ತೆ ಊರುಗೋಲು.

ಮಗ ಬಾಗಿಲಿಗೆ ಬಂದ. "ಖಲಾಸ್ ಅಮ್ಮ, ನಾನು ಹೋಗುವುದಿಲ್ಲ. ನೀನು ತಿನ್ನು."

"ನೀನು ಹೋಗದಿದ್ದರೆ ಅವನು ಹಾಡದೆ ಬಿಡುತ್ತಾನಾ?"

"ಇಲ್ಲ. ಬೇರೆಯವರನ್ನು ಕೂರಿಸಿಕೊಳ್ಳುತ್ತಾನೆ."

ಮುದುಕಿ ಊರುಗೋಲನ್ನು ಆ ಕೈಗೆ ಈ ಕೈಗೆ ಮಾಡಿದಳು. "ಹಾಗಾದರೆ ನೀನೇ ಕೂತಿರು. ಕೆಡಿಸಲು ಬಿಡಬೇಡ. ಎಲ್ಲಿಯ ಹಾಡು ಅಂತ ಮೈಕಿನಲ್ಲಿ ಹೇಳು."

"ಅವನ ಅಜ್ಜಿಯ ಊರನ್ನೂ ಹೇಳಬೇಕಾಗುತ್ತದೆ."

"ಆಮೇಲೆ ಹೇಳು. ಮೊದಲು ನನ್ನದು."

ಸಂಜೆ ಮಗ ಹೋಟೆಲಿನಿಂದಲೇ ಫೋನ್ ಮಾಡಿದ. "ಹೇಳಿದೆ. ಮೊದಲು ನಿನ್ನದೇ." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ, ಶಾಂತಿ ಶಾಂತಿ ಎಂದರಂತೆ. ಮುದುಕಿ ಫೋನ್ ನನ್ನ ಕೈಗೆ ಕೊಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಆಗಲೂ ತಿನ್ನಲಿಲ್ಲ. ಎಷ್ಟೋ ದಿನದ ಮೇಲೆ ಪ್ಯಾಲೆಸ್ತೀನಿನಲ್ಲಿ ಯುದ್ಧ ಬಂತು, ಮಗನೂ ಗಾಯಕನೂ ಮತ್ತೆ ಒಟ್ಟಿಗೆ ಕೂರಲಿಲ್ಲ. ಅದು ಬೇರೆ ಮಾತು.

ಕಾರ್ಯಕ್ರಮದ ಮರುದಿನ ಬೆಳಿಗ್ಗೆ ನಾನು ಅಲ್ ಮೀನಾದ ಮೀನುಪೇಟೆಗೆ ಹೋಗಿ ಹಮ್ಮೂರ್ ಮೀನು ತಂದೆ. ಕಾಯಿಸಿ, ಅವಳನ್ನು ಕೇಳದೆ ಮುಂದಿಟ್ಟು, ತಟ್ಟೆ ಖಾಲಿಯಾಗುವವರೆಗೆ ಬಾಗಿಲಿಗೆ ಅಡ್ಡ ನಿಂತೆ.