ಓಣಿಯ ಕೆಳಗಿನ ಮನೆಗೆ ಯಾರು ಓಡಬೇಕು

ನಾನು ಓದಿದ್ದು ಐದನೆಯ ಇಯತ್ತೆ. ಆಮೇಲೆ ಬೆಟಗೇರಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಇನ್ನೂ ಎದ್ದಿಲ್ಲ. ದುಡಿದು ಉಂಡಿದ್ದೇನೆ ಎಂಬ ಸೊಕ್ಕು ಸ್ವಲ್ಪ ಇದೆ, ಇರಲಿ.

ನಮ್ಮ ಓಣಿ ಇಳಿಜಾರು. ಮೇಲಿನ ಗಟಾರ ತುಂಬಿದರೆ ನೀರು ನುಗ್ಗುವುದು ಕೆಳಗಿನ ಕೊನೆಯ ಮನೆಗೆ. ಅಲ್ಲಿ ಒಬ್ಬಳೇ ಕೂತು ನೇಯುವ ಮುದುಕಿ ಓಣಿಗೆಲ್ಲ ಚಿಗವ್ವ. ಹೋದ ಮಳೆಗಾಲದಲ್ಲಿ ಆಕೆಯ ಮಗ್ಗದ ಹಾಸು, ಉದ್ದಕ್ಕೆ ಹೂಡಿದ ನೂಲೆಲ್ಲ, ಪೂರ್ತಿ ತೊಯ್ದು ಬಣ್ಣ ಬಿಟ್ಟಿತ್ತು. ಇನ್ನೊಮ್ಮೆ ಹೀಗಾದರೆ ಮಗ್ಗ ಕಿತ್ತು ಒಲೆಗೆ ಹಾಕುತ್ತೇನೆ ಎಂದಿದ್ದಳು.

ಈ ಸಲ ಮಳೆಗೆ ಮೊದಲೇ ನಗರಸಭೆಯ ಸಾಹೇಬರೊಬ್ಬರು ಬಂದು ಸಭೆ ಮಾಡಿದರು. ನೀರು ಏರಿದರೆ ಎಲ್ಲರ ಮೊಬೈಲಿಗೆ ಸಂದೇಶ ಬರುತ್ತದೆ ಎಂದರು. ನಾನು ಎದ್ದು, ನಾಳೆ ಹನ್ನೊಂದಕ್ಕೆ ನನಗೊಂದು ಫೋನ್ ಮಾಡಿ ನೋಡಿ ಎಂದೆ. ಆರು ಸಲ ಮಾಡಿದರಂತೆ. ಲಾಳಿಯ ಸದ್ದಿನಲ್ಲಿ ನನಗೆ ಒಂದೂ ಕೇಳಲಿಲ್ಲ. ಕೊನೆಗೆ ಅವರೇ ನಗುತ್ತ ಬಾಗಿಲಿಗೆ ಬಂದರು.

ಆಗ ನನ್ನ ಉಪಾಯ ಹೇಳಿದೆ. ಗಟಾರದ ಪಕ್ಕದಲ್ಲೇ ಕರೆಂಟ್ ಮಗ್ಗಗಳ ಶೆಡ್ ಇದೆ. ಅದರ ಗದ್ದಲ ನಿಂತರೆ ಓಣಿಗೆಲ್ಲ ತಕ್ಷಣ ತಿಳಿಯುತ್ತದೆ. ನೀರು ಏರಿದಾಗ ಅವರು ಮಗ್ಗ ನಿಲ್ಲಿಸಿದರೆ ಸಾಕು, ನಾವು ಓಡಿ ಬರುತ್ತೇವೆ. ಎಲ್ಲರಿಗೂ ಹಿಡಿಸಿತು. ಒಂದು ದಿನ ಪರೀಕ್ಷೆಗೆಂದು, ಮುನ್ಸೂಚನೆ ಕೊಡದೆ ಶೆಡ್ ನಿಲ್ಲಿಸಿದೆವು. ಓಣಿಯವರೆಲ್ಲ ಎದ್ದು ನೇರ ಚಹಾದಂಗಡಿಗೆ ನಡೆದರು. ಕರೆಂಟ್ ಹೋದಾಗಲೆಲ್ಲ ಅವರು ಮಾಡುವುದೇ ಅದು. ಮನೆಯ ದೀಪ ಉರಿಯುತ್ತಿದೆಯೇ ಎಂದು ಯಾರೂ ನೋಡಿರಲಿಲ್ಲ.

ಚಿಗವ್ವ ಅಲ್ಲಿಗೇ ಬಂದಳು. "ಅಲ್ಲಲೇ ಶಾಣ್ಯಾ, ಮಳಿ ಹೊಡದಾಗ ನಮ್ಮೂರಾಗ ಕರೆಂಟರ ಎಲ್ಲಿರತೈತಿ? ಶೆಡ್ ತಾನ ನಿಂತಿರತೈತಿ."

ಹಾಗಾದರೆ ಏನಾದರೂ ಬಾರಿಸಿ ತಿಳಿಸೋಣ ಎಂದೆ.

"ಮತ್ತ ಖಬರ ಹತ್ತಿದ್ರೂ ನನ್ನ ಮನಿಗೆ ಬರಾಂವ ಯಾರು? ಎಲ್ಲಾರೂ ಬರ್ತೀವಂದ್ರ ಯಾರೂ ಬರೂದಿಲ್ಲ. ಒಬ್ಬಾಂವನ ಹೇಳು."

"ನಾನ ಬರ್ತೀನಿ, ಚಿಗವ್ವಾ."

"ನಿನ್ನ ಮಗ್ಗ?"

ಅದನ್ನು ನನ್ನ ಹೆಂಡತಿ, ಅವಳ ತಮ್ಮ ನೋಡಿಕೊಳ್ಳುತ್ತಾರೆ ಎಂದೆ. ಹಾಗೆಯೇ ಪ್ರತಿ ಮನೆಗೂ ಇಬ್ಬಿಬ್ಬರು ನಿಗದಿಯಾದರು. ಶೆಡ್ಡಿನವರು ಊಟದ ಹಿತ್ತಾಳೆ ಗಂಗಾಳ ಬಾರಿಸುವುದು, ಕೇಳಿದವರು ತಾವೂ ಬಾರಿಸಿ ಕೆಳಗಿನ ಮನೆಗೆ ದಾಟಿಸುವುದು ಎಂದು ನಿಶ್ಚಯವಾಯಿತು.

ಶ್ರಾವಣದ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಕರೆಂಟ್ ಹೋಯಿತು, ಶೆಡ್ ತಾನೇ ನಿಂತಿತು. ಸ್ವಲ್ಪ ಹೊತ್ತಿಗೆ ಗಂಗಾಳದ ಸದ್ದು ಮನೆಯಿಂದ ಮನೆಗೆ ಇಳಿಯುತ್ತ ಬಂತು. ನನ್ನ ಮಗ್ಗದಲ್ಲಿ ಅರ್ಧ ಸೀರೆ ಇತ್ತು. ಒಮ್ಮೆ ತಿರುಗಿ ನೋಡಿ ಓಡಿದೆ. ನೇಯ್ದಷ್ಟನ್ನು ಸುತ್ತಿ, ಹಾಸು ಸಡಿಲಿಸಿ, ಚಿಗವ್ವನೂ ನಾನೂ ಸೇರಿ ಜಂತಿಗೆ ಎತ್ತಿ ಕಟ್ಟಿದೆವು. ನಾನು ಹಾಕಿದ ಒಂದು ಗಂಟನ್ನು ಆಕೆ ಬಿಚ್ಚಿ ಮತ್ತೆ ಬಿಗಿದಳು. ನೀರು ಹೊಸ್ತಿಲು ದಾಟಿ ಬಂದು ಕುಣಿ ತುಂಬಿತು. ಹಾಸಿನ ನೂಲಿಗೆ ಒಂದು ಹನಿಯೂ ತಾಗಲಿಲ್ಲ. ನನ್ನ ಮನೆಯಲ್ಲೂ ಎಲ್ಲ ನೆಟ್ಟಗಿತ್ತು.

ಕುಣಿ ಒಣಗುವ ತನಕ ಚಿಗವ್ವನ ಮಗ್ಗ ನಿಂತೇ ಇತ್ತು. ಹೀಗೆ ಮಗ್ಗ ದಿನಗಟ್ಟಲೆ ನಿಂತು ಮತ್ತೆ ಶುರುವಾದರೆ ಬಟ್ಟೆಯಲ್ಲಿ ಅಲ್ಲೊಂದು ಗೆರೆ ಬೀಳುತ್ತದೆ, ನೇಕಾರನ ಕಣ್ಣಿಗೆ ತಪ್ಪದು. ಚಿಗವ್ವನ ಸೀರೆ ಮಗ್ಗದಿಂದ ಇಳಿದ ದಿನ ಬೆಳಕಿಗೆ ಹಿಡಿದು ಅದನ್ನೇ ಹುಡುಕುತ್ತಿದ್ದೆ.

"ಹುಡುಕಬ್ಯಾಡ, ಸಿಗೂದಿಲ್ಲ" ಎಂದು ಆಕೆ ಮಡಿಚಿ ಒಳಗಿಟ್ಟಳು.

ಖರೆ, ಸಿಕ್ಕಿರಲಿಲ್ಲ.