ಹೊಗೆ ಕಂಡು ದೋಣಿ ಹತ್ತಿದ್ದು

ಪೀಣ್ಯದಲ್ಲಿ ನಾನು ಫಿಟರ್ ಆಗಿದ್ದ ಕಾರ್ಖಾನೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ತಯಾರಿಸುತ್ತಿತ್ತು. ಇಂಡೋನೇಷ್ಯಾದ ಒಂದು ದ್ವೀಪದಲ್ಲಿ, ಮೀನುಗಾರರ ಊರಿನವರು ಅಂಥದೊಂದನ್ನು ಕೊಂಡಾಗ ಕೂರಿಸಿ ಬರಲು ನನ್ನನ್ನು ಕಳಿಸಿದರು. ಅದು ಜ್ವಾಲಾಮುಖಿಯಿಂದ ಎದ್ದ ದ್ವೀಪವೆಂದು ತಿಳಿದಂದಿನಿಂದ ಮಾದನಾಯಕನಹಳ್ಳಿಯ ನಮ್ಮ ವಠಾರದಲ್ಲಿ ನನ್ನ ನಡಿಗೆಯೇ ಬದಲಾಯಿತು. ಬೆಂಕಿ ಬೆಟ್ಟ ಹತ್ತಿ ಒಳಗೆ ಇಣುಕಿ ಬರುತ್ತೇನೆಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಮೂರು ದಿನದಲ್ಲಿ ಯಂತ್ರ ಓಡಿತು. ನಾಲ್ಕನೆಯ ಬೆಳಿಗ್ಗೆ ಊರು ನೋಡಲು ಒಬ್ಬನೇ ಹೊರಟೆ. ದಡದ ಮರಳು ಕಪ್ಪಗೆ, ನಮ್ಮ ಪಕ್ಕದ ಫೌಂಡ್ರಿಯವರು ಹಿತ್ತಲಿಗೆ ಸುರಿಯುವ ಸುಟ್ಟ ಮರಳಿನ ಹಾಗೇ ಇತ್ತು. ಇಲ್ಲೂ ಯಾರೋ ಸಮುದ್ರ ಕೆಡಿಸಿದ್ದಾರೆಂದು ಮರುಗಿ, ಕಾಲಿಗೆ ತಾಗದಂತೆ ಕಲ್ಲಿನಿಂದ ಕಲ್ಲಿಗೆ ಹಾರುತ್ತ ನಡೆದೆ. ಮೀನು ಆರಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಮನೆಗಳ ಸಾಲು ಮುಗಿಯುವಲ್ಲಿ ದಟ್ಟ ಹೊಗೆ ಏಳುತ್ತಿತ್ತು. ಹಿಂದೆಯೇ ಬೆಟ್ಟ. ಚಪ್ಪಲಿ ಕೈಗೆತ್ತಿಕೊಂಡು ಅದೇ ಕಪ್ಪು ಮರಳಿನಲ್ಲಿ ಓಡಿ, ಸಿಕ್ಕಿದ ದೋಣಿ ಹತ್ತಿ ಕೂತೆ. ಒಳಗೆ ಬಲೆ ಬಿಡಿಸುತ್ತಿದ್ದ ಮುದುಕ ತಲೆಯೆತ್ತಿದ.

"ಬೆಟ್ಟ ಹತ್ಕೊಂಡಿದೆ ಅಣ್ಣಾ, ದೋಣಿ ಬಿಡಿ" ಎಂದೆ ಹೊಗೆಯತ್ತ ಕೈ ತೋರಿಸಿ, ಅವನಿಗೆ ಕನ್ನಡ ಬರುತ್ತದೆಂಬಂತೆ. ದೋಣಿ ಇನ್ನೂ ಮರಳಿನ ಮೇಲೇ ಇದೆ, ನೀರು ಹತ್ತು ಮಾರು ದೂರವಿದೆ ಎಂಬುದನ್ನು ಆಮೇಲೆ ನೋಡಿದೆ.

ಮುದುಕ ನನ್ನ ತೋಳು ಹಿಡಿದು ಇಳಿಸಿ ಹೊಗೆಯ ಕಡೆಗೇ ನಡೆಸಿಕೊಂಡು ಹೋದ. ಅಲ್ಲಿ ತಗಡಿನ ಚಪ್ಪರದಡಿ ಅವನ ಹೆಂಡತಿ ತೆಂಗಿನ ಸಿಪ್ಪೆ ಉರಿಸಿ, ಆ ಹೊಗೆಯಲ್ಲಿ ಮೀನು ಬೇಯಿಸುತ್ತಿದ್ದಳು. ಗಂಡ ಹೇಳಿದ್ದನ್ನು ಕೇಳಿ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಅವಳು ಬಾಳೆಲೆಯಲ್ಲಿ ಕೊಟ್ಟ ಮೀನನ್ನು ಮುಳ್ಳಷ್ಟೇ ಉಳಿಯುವಂತೆ ತಿಂದೆ. ಬೆಂಕಿ ಬೆಟ್ಟ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದರೆ ಮುದುಕ ಕಾಲಿನಿಂದ ನೆಲ ತಟ್ಟಿದ. ನಾವು ಕೂತದ್ದೇ ಅದರ ಮೇಲೆ. ಕಪ್ಪು ಮರಳೂ ಅದರದೇ. ಮೂರು ರಾತ್ರಿ ಅದರ ಮೇಲೆಯೇ ಗೊರಕೆ ಹೊಡೆದಿದ್ದೆ.

ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿ, ಅವಳು ನಗಲೆಂದೇ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

"ಆ ಯಮ್ಮ ದಿನಾ ಹೊಗೇಲೇ ಕೂತ್ಕೋತಾರಾ? ಕಣ್ಣು ಉರಿಯಲ್ವೇನ್ರೀ?" ಎಂದಳು.

ನನ್ನ ನೋಟವೆಲ್ಲ ಮೀನಿನ ಮೇಲೇ ಇತ್ತು, ಮುದುಕನ ಹೆಂಡತಿಯ ಕಣ್ಣು ಗಮನಿಸಿರಲೇ ಇಲ್ಲ. ಮರುದಿನ ಹೊರಡುವ ಮುಂಚೆ ಹೋಗಿ ನೋಡಿದೆ. ಅವಳ ಕಣ್ಣುಗಳು ಕೆಂಪಗಿದ್ದವು. ಕೈಮುಗಿದೆ. ನನಗೆ ಹಸಿವಾಗಿದೆ ಎಂದುಕೊಂಡಳೇನೋ, ಇನ್ನೆರಡು ಮೀನು ಕಟ್ಟಿಕೊಟ್ಟಳು. ಅವನ್ನು ವಿಮಾನ ನಿಲ್ದಾಣದವರೆಗೂ ನಾನು ಉಳಿಸಲಿಲ್ಲ.